ಗಾಂಧಾರದ ಮೆಟ್ಟಿಲು

ಮಾಲಿನಿಗೆ ಮೊದಲಿನಿಂದಲೂ ಒಂದು ರೋಗ. ಆಗಬಾರದ್ದು ಏನೇನು ಆಗಬಹುದು ಎಂದು ಕೂತು ಯೋಚಿಸುವುದು. ಕೊಳ್ಳೇಗಾಲದಿಂದ ಹನೂರಿಗೆ ಎಷ್ಟು ಮಹಾ ದೂರ? ಬಸ್ಸಿನಲ್ಲಿ ಕೂತು ಒಂದು ತೂಕಡಿಕೆ ತೂಕಡಿಸುವಷ್ಟರಲ್ಲಿ ಊರು ಬಂದಿರುತ್ತದೆ. ಅಷ್ಟು ದಾರಿಗೆ ಅವಳು ವಾರದಿಂದ ಹೆದರಿಕೊಂಡು ಕೂತಿದ್ದಳು. ತಂತಿ ಹರಿದರೆ? ಬೆರಳು ಊದಿಕೊಂಡರೆ? ಕಾರು ನಡುದಾರಿಯಲ್ಲಿ ಕೆಟ್ಟು ನಿಂತರೆ? ಹೀಗೆ ನೂರೆಂಟು. ಕೊನೆಗೆ ಆದದ್ದು ಆ ನೂರೆಂಟರಲ್ಲಿ ಒಂದೂ ಅಲ್ಲ. ಹೆದರೋರ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ಇಲ್ಲಿ ಕಪ್ಪೆ ಹಿಡಿದು ತಂದು ತನ್ನ ಮೇಲೆ ಎಸೆದುಕೊಂಡವಳೂ ಅವಳೇ.

ವಿಷಯ ಇಷ್ಟು. ಕೊಳ್ಳೇಗಾಲದಲ್ಲಿ ಮಾಲಿನಿಯದೊಂದು ವೀಣೆಯ ಶಾಲೆ. ಯಳಂದೂರಿನಲ್ಲಿ ಶಾಂತಮೂರ್ತಿಯದೊಂದು ಪಿಟೀಲಿನ ಶಾಲೆ. ಎರಡೂ ಒಂದೇ ಬೇರಿನವು. ಮಾಲಿನಿಗೆ ವೀಣೆ ಕಲಿಸಿದ ಗುರುಪಾದಸ್ವಾಮಿಗಳೇ ಶಾಂತಮೂರ್ತಿಯ ಅಪ್ಪ. ಆದರೂ ಗುರುಗಳು ಲಿಂಗೈಕ್ಯರಾದಂದಿನಿಂದ, ಅಂದರೆ ಮೂರು ವರ್ಷದಿಂದ, ಎರಡು ಶಾಲೆಗಳಿಗೂ ಮಾತಿಲ್ಲ, ಕತೆಯಿಲ್ಲ. ಕಾರಣ, ಅವರು ಕೊನೆಗಾಲದಲ್ಲಿ ತಮ್ಮ ವೀಣೆಯನ್ನು ಮಗನಿಗೆ ಬಿಡದೆ ಮಾಲಿನಿಯ ಮನೆಗೆ ಕಳಿಸಿಬಿಟ್ಟದ್ದು. "ಅವ್ನು ಪಿಟೀಲಿನವ್ನು. ಮೂಲೇಲಿಟ್ಟು ಧೂಳು ಹಿಡಿಸ್ತಾನೆ. ನೀನು ನುಡಿಸ್ತೀಯ" ಅಂದಿದ್ದರು. ಶಾಂತಮೂರ್ತಿ ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಅಪ್ಪ ತೀರಿಕೊಂಡ ಮೇಲಿನ ಗಣಾರಾಧನೆಯ ಊಟಕ್ಕೆ ಮಾಲಿನಿಯನ್ನು ಕರೆಯಲಿಲ್ಲ, ಅಷ್ಟೇ. ಅದಕ್ಕಿಂತ ಬೈಗುಳ ಬೇಕೆ?

ಇಂಥ ಇಬ್ಬರನ್ನು ಒಂದು ಜಮಖಾನದ ಮೇಲೆ ಕೂರಿಸುವ ಹುಚ್ಚು ಹಿಡಿದದ್ದು ಹನೂರಿನ ಮಲ್ಲಿಕಾರ್ಜುನಸ್ವಾಮಿಗೆ. ದವಸದ ವ್ಯಾಪಾರಿ, ಸಂಗೀತ ಅಂದರೆ ಅಂಗಡಿಯ ಬಾಗಿಲು ಹಾಕಿ ಬರುವ ಆಸಾಮಿ. ಹೊಸ ಮನೆ ಕಟ್ಟಿಸಿ ನಡುಮನೆಯನ್ನು ಮಾತ್ರ ಛತ್ರದ ಹಾಗೆ ವಿಶಾಲ ಮಾಡಿಸಿದ್ದ. "ಮೈಕಿಲ್ಲ, ಶಾಮಿಯಾನ ಇಲ್ಲ, ಭಾಷಣ ಅಂತೂ ಮೊದ್ಲೇ ಇಲ್ಲ. ನಾಕು ಜನ ಕಿವಿ ಇರೋರ್ನ ಕರ್ದು ಚಾಪೆ ಮೇಲೆ ಕೂರುಸ್ತೀನಿ. ಎರಡು ಶಾಲೆಯೋರೂ ಒಟ್ಗೆ ನುಡಿಸ್ಬೇಕು. ಉಸ್ರು ಬುಟ್ರೂ ಕೇಳ್ಬೇಕು, ಅಂಗಿರ್ಬೇಕು ಕಛೇರಿ" ಎಂದ. ಶಾಂತಮೂರ್ತಿ ಆಗಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದನಂತೆ. ಆದರೆ ಅವನ ತಾಯಿ ಗುರುಬಸಮ್ಮನ ಕಿವಿಗೆ ಬಿತ್ತು. ಮುದುಕಿಗೆ ಎದೆಯ ಕಾಯಿಲೆ, ಡಾಕ್ಟರು ಮನೆಯ ಹೊಸ್ತಿಲು ದಾಟಬೇಡಿ ಎಂದಿದ್ದರು. "ಯಜಮಾನ್ರ ವೀಣೆ ಒಂದ್ಸಲ ಕೇಳ್ಬೇಕು ಕಣಪ್ಪ. ಆಮ್ಯಾಕೆ ನಿನ್ ಡಾಕ್ಟ್ರು ಏನಾರ ಯೋಳ್ಕಳ್ಳಿ" ಎಂದು ಮಗನ ಮುಂದೆ ಕೂತುಬಿಟ್ಟಳು. ಆಮೇಲೆ ಅವನು ಒಪ್ಪಲೇಬೇಕಾಯಿತು.

ಆ ವೀಣೆಯ ದನಿ ಅಂದರೆ ಬರೀ ಮರದ ದನಿಯಲ್ಲ. ವೀಣೆಯ ಮೆಟ್ಟಿಲುಗಳು, ಬೆರಳಿಟ್ಟು ಒತ್ತುವ ಆ ಲೋಹದ ಪಟ್ಟಿಗಳು, ಮೇಣದಲ್ಲಿ ಕೂತಿರುತ್ತವೆ. ಯಾವ ಮೆಟ್ಟಿಲು ಎಲ್ಲಿ ಕೂರಬೇಕೆಂಬುದು ಕೂರಿಸಿದವನ ಕಿವಿಗೆ ಸೇರಿದ್ದು. ಗುರುಗಳು ಆ ಕೆಲಸವನ್ನು ಯಾರ ಕೈಗೂ ಕೊಟ್ಟವರಲ್ಲ. ಅದರಲ್ಲೂ ಅವರ ಗಾಂಧಾರ, ಸರಿಗಮದ ಆ 'ಗ', ಉಳಿದವರದಕ್ಕಿಂತ ಕೂದಲೆಳೆಯಷ್ಟು ಮೇಲೆ. ಮಗನ ಪಿಟೀಲಿನ ಗಾಂಧಾರವೋ, ಕೂದಲೆಳೆಯಷ್ಟು ಕೆಳಗೆ. ಮಾಲಿನಿ ಪಾಠಕ್ಕೆ ಹೋಗುತ್ತಿದ್ದ ಕಾಲದಲ್ಲಿ ಆ ಮನೆಯಲ್ಲಿ ದಿನಬೆಳಗಾದರೆ ಇದೇ ರಂಪ. "ಏರ್ಸೋ" ಎಂದು ಅಪ್ಪ, "ನೀವ್ ಇಳ್ಸಿ" ಎಂದು ಮಗ. ಬಾಯಲ್ಲಿ ಆಡಿ ಸಾಲದೆ ವೀಣೆ ಪಿಟೀಲುಗಳಲ್ಲೂ ಅದೇ ಜಗಳ. ಕೊನೆಗೆ ಅಡುಗೆಮನೆಯಿಂದ, ಹಿಟ್ಟಿನ ಮುದ್ದೆ ಕಟ್ಟುತ್ತಿದ್ದ ಗುರುಬಸಮ್ಮನ ಕೂಗು ಬರುತ್ತಿತ್ತು: "ಇಟ್ಟು ಆರೋಯ್ತದೆ ಕಣ್ರೋ, ಉಂಡ್ಮೇಲೆ ಕಿತ್ತಾಡಿ!"

ಕಛೇರಿಯ ದಿನ ಗುರುವಾರ. ಉರಿಬಿಸಿಲು. ಬೆಳಗ್ಗೆಯೇ ಹೊರಡೋಣ ಎಂದು ಮಾಲಿನಿ ಬಡಬಡಿಸಿದರೂ, ಗಂಡ ಗುರುಪ್ರಕಾಶ ತನ್ನ ರೇಷ್ಮೆ ಸೀರೆಯ ಅಂಗಡಿಯಲ್ಲಿ ಯಾವುದೋ ಮದುವೆ ಜವಳಿಯವರು ಬಂದರೆಂದು ಕೂತೇಬಿಟ್ಟ. ಹನೂರು ತಲುಪುವಾಗ ಮಧ್ಯಾಹ್ನ ಒಂದೂವರೆ ದಾಟಿತ್ತು. ಮಲ್ಲಿಕಾರ್ಜುನಸ್ವಾಮಿ ಬಾಗಿಲಲ್ಲೇ ನಿಂತಿದ್ದ. ಗುರುಪ್ರಕಾಶ ಹಿಂದಿನ ಸೀಟಿನಿಂದ ವೀಣೆ ಎತ್ತಲು ಕೈಹಾಕಿದ.

"ಅಯ್ಯೋ ಬೇಡ, ಬೇಡಿ! ರಾಹುಕಾಲ ಶುರುವಾಗದೆ!" ಮಾಲಿನಿ ಅವನ ಕೈ ಹಿಡಿದಳು.

"ಅದ್ಕೆ? ನಾವೇ ಒಳೀಕ್ ಓಯ್ತಿಲ್ವಾ?"

"ನಾವು ಊಟಕ್ಕೋಗೋದು ಬೇರೆ. ಹೊಸ ಮನೆ, ಗುರುಗಳ ವೀಣೆ. ರಾಹುಕಾಲದಲ್ಲಿ ಹೊಸ್ತಿಲು ದಾಟ್ಸೋದು ಬೇಡ. ಮೂರು ಗಂಟೆ ಆಗ್ಲಿ."

ಗುರುಗಳು ಕೇಳಿಸಿಕೊಂಡಿದ್ದರೆ ಬಿರಡೆ ತೆಗೆದು ತಲೆಗೆ ಮೊಟಕುತ್ತಿದ್ದರು. ರಾಹು, ಗುಳಿಕ, ಅಮಾವಾಸ್ಯೆ ಒಂದನ್ನೂ ನಂಬಿದವರಲ್ಲ ಅವರು. ಮಾಲಿನಿಯೂ ಬೇರೆ ದಿನವಾಗಿದ್ದರೆ ನಂಬುತ್ತಿರಲಿಲ್ಲ. ಆದರೆ ಅವತ್ತು ಅವಳ ಹೆದರಿಕೆಗೆ ಏನಾದರೊಂದು ಕಂಬ ಬೇಕಿತ್ತು, ರಾಹುಕಾಲವನ್ನು ತಬ್ಬಿಕೊಂಡಳು. ಗುರುಪ್ರಕಾಶ "ನಿನ್ನಿಷ್ಟ ತಾಯಿ" ಎಂದು ಕಾರನ್ನು ಬೇವಿನ ಮರದ ನೆರಳಿಗೆ ನಿಲ್ಲಿಸಿ, ಗಾಜು ಏರಿಸಿ, ಬೀಗ ಹಾಕಿದ. ಒಳಗೆ ಹೋಗಿ ಎಲ್ಲರೂ ಹೋಳಿಗೆ ಊಟಕ್ಕೆ ಕೂತರು. ನೆರಳು ಎಂಬುದು ಕಾರಿನ ಹಾಗೆ ಬೀಗ ಹಾಕಿ ನಿಲ್ಲಿಸುವ ವಸ್ತುವಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮೂರು ಹೊಡೆದ ಮೇಲೆ ಬಂದು ನೋಡಿದರೆ ಕಾರು ಪೂರ್ತಿ ಬಿಸಿಲಲ್ಲಿ ನಿಂತಿತ್ತು. ಬಾಗಿಲು ತೆಗೆದ ಗುರುಪ್ರಕಾಶ ಬಿಸಿಗೆ ಮುಖ ಹಿಂದಕ್ಕೆಳೆದುಕೊಂಡ. ಮಾಲಿನಿ ವೀಣೆಯನ್ನು ಒಳಗಿನ ಕೋಣೆಗೆ ತಂದು, ಬಾಗಿಲು ಮುಂದೆ ಮಾಡಿ, ಹೊದಿಕೆ ಬಿಚ್ಚಿದಳು. ಮೇಣ ಬೆವೆತ ಹಾಗೆ ಹೊಳೆಯುತ್ತಿತ್ತು. ಕೆಳಗಿನ ಮೆಟ್ಟಿಲುಗಳು ಹೇಗೋ ಇದ್ದವು. ನಡುವಿನಲ್ಲಿ ಒಂದೆರಡು ವಾಲಿದ್ದವು. ಗಾಂಧಾರದ ಮೆಟ್ಟಿಲಂತೂ ಒಂದು ಪಕ್ಕಕ್ಕೆ ಜಾರಿ, ಮೇಣದೊಳಗೆ ಹೂತುಕೊಂಡು ಕೂತಿತ್ತು. ಮೀಟಿದಳು. ಬಂದದ್ದು ಸ್ವರವಲ್ಲ, ಗೊರಕೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾಲಿನಿ ನೆಲದ ಮೇಲೆ ಕುಸಿದಳು. ಗುರುಗಳು ಬಿಟ್ಟುಹೋದದ್ದು ಏನಾದರೂ ಇದ್ದರೆ ಅದು ಆ ಮೆಟ್ಟಿಲು ಕೂತಿದ್ದ ಜಾಗ. ಅದನ್ನು ಅವಳು ಒಂದು ಊಟದ ಹೊತ್ತಿನಲ್ಲಿ ಕರಗಿಸಿಬಿಟ್ಟಿದ್ದಳು.

"ಮೇಡಂ, ನನ್ ವೀಣೆ ತಕಳಿ" ಎಂದಳು ಮೀನಾ. ಮಾಲಿನಿಯ ಶಿಷ್ಯೆ, ಬ್ಯಾಂಕಿನ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಆಗತಾನೇ ತನ್ನ ವೀಣೆಯೊಡನೆ ಬಂದಿಳಿದಿದ್ದಳು. "ಯಾರಿಗೂ ಗೊತ್ತಾಗಲ್ಲ."

"ಗುರುಬಸಮ್ಮ ಬರ್ತಿರೋದು ಯಾರ ವೀಣೆ ಕೇಳೋಕೆ ಮೀನಾ? ನಿಂದಾ?"

ಮೀನಾ ಮೊಬೈಲು ತೆಗೆದು ಶ್ರುತಿ ತೋರಿಸುವ ಆಪ್ ಒತ್ತಿ ಮುಂದೆ ಹಿಡಿದಳು. ಮಾಲಿನಿ ಮೆಟ್ಟಿಲನ್ನು ಮೆಲ್ಲಗೆ ಎತ್ತಿ ಸರಿಸಿದಳು, ಮೀಟಿದಳು, ಮತ್ತೆ ಸರಿಸಿದಳು. ಆಪಿನಲ್ಲಿ ಹಸಿರು ಬಂತು. ಗಾಂಧಾರವೂ ಬಂತು, ಯಾರದ್ದೋ ಗಾಂಧಾರ. ಇದಲ್ಲ. ಸ್ವಲ್ಪ ಮೇಲೆ. ಎಷ್ಟು ಮೇಲೆ? ಅಷ್ಟು ಮೇಲಾದರೆ ಅಪಸ್ವರ, ಇಷ್ಟಾದರೆ ಸಪ್ಪೆ. ಕಣ್ಣು ಮುಚ್ಚಿ ನೆನೆಸಿಕೊಂಡಳು. ಕಿವಿಯಲ್ಲಿ ಬರೀ ತನ್ನ ಎದೆಬಡಿತ. ಇಷ್ಟು ವರ್ಷ ಆ ಮೆಟ್ಟಿಲಿನ ಮೇಲೆ ಬೆರಳಿಟ್ಟಿದ್ದಾಳೆ, ಸ್ವರ ತಾನಾಗಿ ಬಂದಿದೆ. ಒಂದು ದಿನವಾದರೂ ಅದನ್ನು ಹುಡುಕಿದವಳಲ್ಲ. ಗುರುಗಳು ಹುಡುಕಿಟ್ಟಿದ್ದರು, ಇವಳು ನುಡಿಸಿಕೊಂಡು ಹೋದಳು. ಈಗ ಹುಡುಕು ಅಂದರೆ ಎಲ್ಲಿಂದ ತರುವುದು?

ಹೊರಗೆ ವ್ಯಾನಿನ ಸದ್ದಾಯಿತು. ಯಳಂದೂರಿನವರು ಬಂದರು.

ಗುರುಬಸಮ್ಮನ ದನಿ ಅಂಗಳದಿಂದಲೇ ಕೇಳಿತು. "ಎಲ್ಲವ್ವ ನಮ್ ಮಾಲಿನಿ? ವೀಣೆ ತಂದವ್ಳಾ?" ಮಾಲಿನಿ ಹೊದಿಕೆ ಎಳೆದು ವೀಣೆಯ ಮೇಲೆ ಹಾಕಿ, ಹೊರಗೆ ಓಡಿ ಕಾಲಿಗೆ ಬಿದ್ದಳು. ಮುದುಕಿ ಸೊರಗಿ ಕಡ್ಡಿಯಾಗಿದ್ದಳು. ಮಾಲಿನಿಯ ಗಲ್ಲ ಹಿಡಿದು "ಬೆವ್ತೋಗಿದ್ದೀಯಲ್ಲೇ ಮಗಾ, ಏನಾಯ್ತು?" ಎಂದಳು.

"ಏನಿಲ್ಲಮ್ಮ, ಬಿಸ್ಲು."

"ನಡಿ, ವೀಣೆ ನೋಡ್ಬೇಕು. ಒಂದ್ ದಪ ಮುಟ್ಟಿ ಬತ್ತೀನಿ."

"ಈಗ ಬೇಡಮ್ಮ. ಅದು... ಪೂಜೆ ಮಾಡಿ ಆಮೇಲೆ ತೆಗೀಬೇಕು."

"ನನ್ ಗಂಡನ ವೀಣೆ ನೋಡಾಕೆ ಪೂಜೆಯಾ? ಅವ್ರೇ ಒಂದಿನ ಅದ್ಕೆ ಊದುಬತ್ತಿ ಅಚ್ದೋರಲ್ಲ!" ಗುರುಬಸಮ್ಮ ನಕ್ಕಳು. ನಕ್ಕವಳಿಗೆ ಉಸಿರು ಸಿಕ್ಕಿಕೊಂಡು ಗೋಡೆ ಹಿಡಿದಳು. ಮಲ್ಲಿಕಾರ್ಜುನಸ್ವಾಮಿ ಓಡಿ ಬಂದು ಕುರ್ಚಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟ. ಮಾಲಿನಿ ಬದುಕಿದೆಯಾ ಬಡಜೀವವೇ ಎಂದು ಕೋಣೆಗೆ ಜಾರಿಕೊಂಡಳು. ಆದರೆ ಎಷ್ಟು ಹೊತ್ತು? ಊರಿಗೆ ಬಂದೋಳು ನೀರಿಗೆ ಬರದೆ ಇರುತ್ತಾಳಾ? ದೀಪ ಹಚ್ಚುವ ಹೊತ್ತಿಗೆ ಈ ವೀಣೆಯನ್ನು ಮಡಿಲಲ್ಲಿಟ್ಟುಕೊಂಡು ಆ ಮುದುಕಿಯ ಮುಂದೆ ಕೂರಲೇಬೇಕು. ಮೈಕೂ ಇಲ್ಲ, ಅದರ ಗಲಾಟೆಯಲ್ಲಿ ಒಂದು ಅಪಸ್ವರವನ್ನಾದರೂ ಮುಚ್ಚಿಟ್ಟುಕೊಳ್ಳಲು.

ಬಾಗಿಲು ತಟ್ಟಿದ ಸದ್ದು. ಶಾಂತಮೂರ್ತಿ ಪಿಟೀಲಿನ ಪೆಟ್ಟಿಗೆ ಹಿಡಿದು ನಿಂತಿದ್ದ. ತಲೆ ಪೂರ್ತಿ ನೆರೆತಿತ್ತು, ಮೂಗಿನ ತುದಿಯ ಸಿಟ್ಟು ಹಾಗೇ ಇತ್ತು.

"ಶ್ರುತಿ ನೋಡ್ಬೇಕಿತ್ತು" ಎಂದ, ಗೋಡೆಯ ಕಡೆ ತಿರುಗಿ.

ಪಕ್ಕವಾದ್ಯದವರು ವೀಣೆಯ ಹತ್ತಿರ ಬಂದು ಶ್ರುತಿ ಕೂಡಿಸಿಕೊಳ್ಳುವುದು ಪದ್ಧತಿ. ಮಾಲಿನಿ ನೆಪ ಹುಡುಕುವಷ್ಟರಲ್ಲಿ ಅವನೇ ಬಗ್ಗಿ ಹೊದಿಕೆ ಸರಿಸಿದ. ವಾಲಿದ ಮೆಟ್ಟಿಲುಗಳು ಅವನ ಕಣ್ಣಿಗೆ ಬಿದ್ದವು. ಮೀನಾ ಮೆಲ್ಲಗೆ ಆಚೆ ಹೋದಳು.

"ಬಿಸ್ಲಲ್ಲಿಟ್ಟಿದ್ರಾ?"

"ಕಾರಲ್ಲಿ... ರಾಹುಕಾಲ ಇತ್ತು ಅಂತ..."

"ರಾಹುಕಾಲ!" ಶಾಂತಮೂರ್ತಿ ಈಗ ಅವಳ ಮುಖ ನೋಡಿದ. "ಅಮಾಸೆ ದಿನ ಮದ್ವೆಯಾದ ಮನುಷ್ಯ ನಮ್ಮಪ್ಪ. ಅವ್ರ ವೀಣೆಗೆ ರಾಹುಕಾಲ ನೋಡುದ್ರಾ ನೀವು? ನಮ್ಮನೇಲಿದ್ದಿದ್ರೆ ಧೂಳು ಹಿಡೀತಿತ್ತು, ಒಪ್ಕತೀನಿ. ಧೂಳು ಒರೆಸುದ್ರೆ ಓಯ್ತದೆ. ಇದ್ನ ಎಲ್ಲಿಂದ ತತ್ತೀರಿ?"

ಮಾಲಿನಿಗೆ ಅಳು ತಡೆಯಲಾಗಲಿಲ್ಲ. "ಬೈರಿ ಮೂರ್ತಣ್ಣ, ಎಷ್ಟು ಬೇಕಾದ್ರೂ ಬೈರಿ. ಆದ್ರೆ ಅಮ್ಮನಿಗೆ ಏನ್ ಹೇಳೋದು? ಗಾಂಧಾರ ಸಿಕ್ತಿಲ್ಲ ನಂಗೆ. ಬೆರಳಿಟ್ರೆ ಬರ್ತಿತ್ತು, ಅಷ್ಟೇ ಗೊತ್ತು. ಕಿವೀಲಿದೆ ಅಂದ್ಕೊಂಡಿದ್ದೆ, ಇಲ್ಲ."

ಶಾಂತಮೂರ್ತಿ ಹೆಬ್ಬೆರಳಿಂದ ಮೇಣ ಒತ್ತಿ ನೋಡಿದ. ಆಮೇಲೆ ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೆಟ್ಟಿಗೆ ತೆರೆದ. "ಒಳಗಡೆಯಿಂದ ಒಂದು ಚಮಚ ಕಾಸ್ಕೊಂಡು ತರೋಕೇಳಿ. ಒಂದು ಒದ್ದೆ ಬಟ್ಟೇನೂ ಬೇಕು" ಎಂದ.

ಮಾಲಿನಿಗೆ ಅವನ ಉದ್ದೇಶ ತಿಳಿಯಿತು. ತಿಳಿದ ಮೇಲೆ ಇನ್ನೊಂದು ಹೆದರಿಕೆ ಹುಟ್ಟಿತು. ಅವನು ಪಿಟೀಲಿನಲ್ಲಿ ಗಾಂಧಾರ ಹಿಡಿಯುತ್ತಾನೆ, ಇವಳು ಅದಕ್ಕೆ ಮೆಟ್ಟಿಲು ಕೂರಿಸಬೇಕು. ಯಾವ ಗಾಂಧಾರ? ಅವನದೇ. ಅಪ್ಪನೊಡನೆ ಗುದ್ದಾಡಿ ಗೆಲ್ಲಲಾಗದ ಜಗಳವನ್ನು ಈಗ ಅಪ್ಪನ ವೀಣೆಯ ಮೇಲೆಯೇ ಗೆದ್ದುಬಿಡುತ್ತಾನೆ. ಇನ್ನು ಆ ವೀಣೆಯಲ್ಲಿ ಗುರುಗಳು ಎಂದೆಂದಿಗೂ ಇರುವುದಿಲ್ಲ. ಬೇಡ ಎನ್ನಲು ತನಗೆ ಯಾವ ಮುಖ? ಬಿಸಿ ಚಮಚದ ಹಿಂಭಾಗವನ್ನು ಮೇಣಕ್ಕೆ ತಾಗಿಸಿ, ಮೆಟ್ಟಿಲನ್ನು ಎರಡು ಬೆರಳಲ್ಲಿ ಹಿಡಿದು, ಹಲ್ಲು ಕಚ್ಚಿ ಕೂತಳು.

ಶಾಂತಮೂರ್ತಿ ಷಡ್ಜ ಕೂಡಿಸಿಕೊಂಡ. ಕಣ್ಣು ಮುಚ್ಚಿ ಕಮಾನು ಎಳೆದ. ಮೊದಲು ಬಂದದ್ದು ಅವನದೇ ಗಾಂಧಾರ, ಆ ಕೂದಲೆಳೆ ಕೆಳಗಿನದು. ಅವನು ಮುಖ ಹಿಂಡಿ, ತಲೆಯಾಡಿಸಿ, ಬೆರಳನ್ನು ಇಷ್ಟೇ ಇಷ್ಟು ಜರುಗಿಸಿದ.

ಮಾಲಿನಿಗೆ ಯಳಂದೂರಿನ ಪಡಸಾಲೆ ಕಣ್ಣಿಗೆ ಕಟ್ಟಿತು. ಗೋಡೆಗೊರಗಿ ಕೂತ ಗುರುಗಳು, ಒಳಗಿನಿಂದ ಬರುವ ಅವರೆಕಾಳು ಸಾರಿನ ವಾಸನೆ, ತೊಡೆಯ ಮೇಲೆ ತಾಳ ಹಾಕುವ ತನ್ನ ಸಣ್ಣ ಕೈ. ಅದೇ, ಅದೇ ಗಾಂಧಾರ.

"ಇದಲ್ವಾ?" ಶಾಂತಮೂರ್ತಿ ಕಣ್ಣು ತೆರೆಯದೆ ಕೇಳಿದ.

"ಇದೇ."

"ಮತ್ತೆ ನೋಡ್ಕೊಂಡು ಕೂತಿದ್ದೀಯಲ್ಲ. ಒತ್ತು. ಮೇಣ ಆರೋಯ್ತದೆ."

ಮೂರು ವರ್ಷಕ್ಕೆ ಮೊದಲ ಸಲ ಏಕವಚನ. ಮಾಲಿನಿ ಒತ್ತಿದಳು, ಮೀಟಿದಳು, ಸರಿಸಿದಳು. ಪಿಟೀಲು ನಿಂತಲ್ಲೇ ನಿಂತು ಕಾಯುತ್ತಿತ್ತು. ಎರಡು ದನಿ ಸೇರಿ ಒಂದಾದಾಗ ಒದ್ದೆ ಬಟ್ಟೆ ಹಾಕಿ ಅದುಮಿ ಹಿಡಿದಳು. ಆಮೇಲೆ ಪಕ್ಕದವು. ಕಿಟಕಿಯಾಚೆ ಬಿಸಿಲು ಇಳಿಯುತ್ತ ಬಂತು. ನಡುಮನೆಯಲ್ಲಿ ಚಾಪೆ ಹಾಸುವ ಸದ್ದು, ಜನ ಬರುವ ಸದ್ದು.

"ನಿಮಗೆ ಬರ್ತಿತ್ತಾ ಇದು?" ಮಾಲಿನಿ ಕೇಳಿಯೇಬಿಟ್ಟಳು. "ಒಂದಿನಾನೂ ನುಡಿಸಿದ್ದು ಕೇಳಿಲ್ಲ ನಾನು."

"ದಿನಾ ಬೆಳಗೆದ್ದು ಇದಕ್ಕೇ ಬೈಸ್ಕೊಂಡಿದೀನಿ. ಬೇಡ ಅನ್ನೋನಿಗೂ ಯಾವ್ದು ಬೇಡ ಅಂತೀನಿ ಅನ್ನೋದು ಸರಿಯಾಗಿ ಗೊತ್ತಿರ್ಬೇಕಲ್ವಾ?" ಅವನು ಕಮಾನಿನ ತಿರುಪು ಬಿಗಿ ಮಾಡುತ್ತ ಎದ್ದ. "ಮೇಣ ಇನ್ನೂ ಹಸಿ. ಗಾಂಧಾರದ ಮೇಲೆ ತಂತಿ ಜಗ್ಗಬೇಡ. ಸುಮ್ನೆ ಮೀಟು. ಜಗ್ಗಿದ್ರೆ ಮತ್ತೆ ಜಾರ್ತದೆ."

ಹೀಗೆ ಹೇಳಿಹೋದರೆ ಯಾರಿಗೆ ಧೈರ್ಯ ಬಂದೀತು? ಕಛೇರಿಗೆ ಕೂತಾಗ ಮಾಲಿನಿಯ ಜೀವವೆಲ್ಲ ಆ ಒಂದು ಮೆಟ್ಟಿಲಿನ ಮೇಲಿತ್ತು. ಮುಂದಿನ ಸಾಲಿನಲ್ಲಿ ಗುರುಬಸಮ್ಮ ಕುರ್ಚಿಯಲ್ಲಿ, ಸೆರಗು ಹೊದ್ದು, ಕಣ್ಣು ಮುಚ್ಚಿ. ಎರಡೂ ಶಾಲೆಯ ಶಿಷ್ಯರು ಸೇರಿ ಮೊದಲು ಒಂದು ವರ್ಣ ನುಡಿಸಿ ಸರಿದು ಕೂತರು. ಮಲ್ಲಿಕಾರ್ಜುನಸ್ವಾಮಿ ಫ್ಯಾನನ್ನೂ ನಿಲ್ಲಿಸಿಬಿಟ್ಟ. ಜನ ಬೆವೆತರೂ ಕೆಮ್ಮಲಿಲ್ಲ. ಇನ್ನು ಇವರಿಬ್ಬರದೇ ಮೋಹನ ರಾಗ.

ಮಾಲಿನಿ ಷಡ್ಜ ಮೀಟಿದಳು, ರಿಷಭ ಮೀಟಿದಳು. ಗಾಂಧಾರಕ್ಕೆ ಬರುವಾಗ ಕೈ ಹಿಂಜರಿಯಿತು. ಮೀಟಿದಳು. ಬಂತು. ಮೆಟ್ಟಿಲು ಜಾರಲಿಲ್ಲ. ಗುರುಗಳದೇ ದನಿ, ಮೈಕಿಲ್ಲದೆ, ಬರಿಮೈಯಲ್ಲಿ, ಆ ನಡುಮನೆಯ ಗೋಡೆಯವರೆಗೂ ಹೋಗಿ ಬಂತು. ಗುರುಬಸಮ್ಮನ ಮುಚ್ಚಿದ ಕಣ್ಣು ಅಲುಗಿತು.

ಈಗ ಪಿಟೀಲಿನ ಸರದಿ. ಶಾಂತಮೂರ್ತಿ ಅದೇ ದಾರಿಯಲ್ಲಿ ಬಂದು ಗಾಂಧಾರದ ಮೇಲೆ ನಿಂತ. ನಿಂತದ್ದು ತನ್ನದರ ಮೇಲೆ. ಕೂದಲೆಳೆ ಕೆಳಗೆ.

ಮಾಲಿನಿ ಬೆಚ್ಚಿದಳು. ಮರೆತನಾ? ಬೇಕೆಂದೇ ಮಾಡಿದನಾ? ಕೋಣೆಯಲ್ಲಿ ಅಷ್ಟು ಮಾಡಿ, ಇಲ್ಲಿ ಜನರ ಮುಂದೆ ಕೈಕೊಟ್ಟನಾ? ಅವಳ ತಂತಿಯ ದನಿ ಇನ್ನೂ ಆರಿರಲಿಲ್ಲ, ಎರಡು ಗಾಂಧಾರಗಳು ಒಂದಕ್ಕೊಂದು ಉಜ್ಜಿದವು. ಹಿಂದಿನ ಸಾಲಿನಲ್ಲಿ ಯಾರೋ ಹುಬ್ಬು ಗಂಟಿಕ್ಕಿದರು. ಮೀನಾಳ ಬಾಯಿ ತೆರೆದೇ ಇತ್ತು. ಮಾಲಿನಿ ತನ್ನದನ್ನು ಮತ್ತೆ ಮೀಟಿದಳು, ಏರಿಸು ಎನ್ನುವ ಹಾಗೆ. ಅವನು ಜಗ್ಗಲಿಲ್ಲ. ಹುಬ್ಬು ಮೇಲೆತ್ತಿ, ಅವಳನ್ನೇ ನೋಡುತ್ತ, ತನ್ನದನ್ನು ಇನ್ನಷ್ಟು ಒತ್ತಿ ಎಳೆದ. ನೀವ್ ಇಳ್ಸಿ, ಎಂದು ಅಪ್ಪನಿಗೆ ಅನ್ನುತ್ತಿದ್ದ ಹಾಗೆಯೇ.

ಅಷ್ಟರಲ್ಲಿ ಗುರುಬಸಮ್ಮನ ಭುಜ ಅದುರುವುದು ಕಂಡಿತು. ಅಯ್ಯೋ ಶಿವನೇ, ಎದೆ ನೋವಾ? ಮಾಲಿನಿ ವೀಣೆ ಬಿಟ್ಟು ಏಳಬೇಕು ಎನ್ನುವಷ್ಟರಲ್ಲಿ ಮುದುಕಿ ಕಣ್ಣು ಮುಚ್ಚಿಕೊಂಡೇ, ತಾನೆಲ್ಲಿದ್ದೇನೆಂಬುದೇ ಮರೆತು, ಉಸಿರು ಬಿಟ್ಟರೂ ಕೇಳುವ ಆ ಮನೆಯಲ್ಲಿ ದೊಡ್ಡ ದನಿಯಲ್ಲಿ ಅಂದಳು:

"ಇಟ್ಟು ಆರೋಯ್ತದೆ ಕಣ್ರೋ. ಉಂಡ್ಮೇಲೆ ಕಿತ್ತಾಡಿ."

ಯಾರೂ ನಗಲಿಲ್ಲ. ಶಾಂತಮೂರ್ತಿಯ ಕಮಾನು ನಡುದಾರಿಯಲ್ಲಿ ನಿಂತಿತು. ಅವನು ತಲೆ ಓರೆ ಮಾಡಿ ಕಣ್ಣನ್ನು ಭುಜಕ್ಕೆ ಉಜ್ಜಿಕೊಂಡ. ಗುರುಬಸಮ್ಮ ಮಾತ್ರ ನಗುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ.

ಮಾಲಿನಿ ಮೇಣ ಹಸಿ ಎಂಬುದನ್ನು ಮರೆತು ಗುರುಗಳ ಗಾಂಧಾರವನ್ನು ಗಟ್ಟಿಯಾಗಿ ಮೀಟಿದಳು. ಶಾಂತಮೂರ್ತಿ ಮೂಗು ಸೀಟಿಕೊಂಡು, ಪಿಟೀಲು ಸರಿಮಾಡಿಕೊಂಡು, ಮತ್ತೆ ಅದಕ್ಕಿಂತ ಕೂದಲೆಳೆ ಕೆಳಗಿನದನ್ನೇ ನುಡಿಸಿದ.